ಓನರ್‌ಗೆ ಸೊನ್ನೆ ಕಂಡರಾಗದು

ಕಂಪ್ಯೂಟರ್ ಕೆಟ್ಟರೆ ಸರಿಮಾಡಬಹುದು. ಸರಿಯಾಗಿದೆ ಎಂದು ಜನರನ್ನು ನಂಬಿಸುವುದೇ ಕಷ್ಟ. ದಾವಣಗೆರೆಯ ನಮ್ಮ ಪುಟ್ಟ ಆಫೀಸಿನಲ್ಲಿ ಈ ಪೇಚಾಟ ತಿಂಗಳಿಗೊಂದಾದರೂ ಇದ್ದೇ ಇರುತ್ತದೆ. ನಾವು ಬೇರೆಯವರ ಸರ್ವರ್ ನೋಡಿಕೊಳ್ಳುವವರು. ಸರ್ವರ್‌ಗೆ ಬೇಕಾದ ಸಾಫ್ಟ್‌ವೇರ್ ಪ್ಯಾಕೇಜುಗಳನ್ನು ತಾನೇ ಹಾಕುವ ಒಂದು ಟೂಲ್ ನಮ್ಮಲ್ಲಿದೆ. ಅದರ ಉಸ್ತುವಾರಿ ನನ್ನದು.

೧. ಬಡಿಸಿದ್ದೇ ಬಡಿಸಿದ್ದು

ಮೊದಲು ಆ ಟೂಲ್ ಇದ್ದ ಪ್ಯಾಕೇಜನ್ನೇ ಪ್ರತಿ ಸಲ ಮತ್ತೆ ಹಾಕುತ್ತಿತ್ತು. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನ.

"ಇದು ನಮ್ಮ ಶಾಮನೂರು ಅತ್ತೆ ಇದ್ದಂಗೈತಲ್ರಿ," ಅಂದರು ಓನರ್. "ಉಂಡು ಬಂದೀನಿ ಅಂದ್ರೂ ಎಲೆ ಹಾಕ್ತಾರೆ. ಸರಿಮಾಡ್ರಿ."

"ಅತ್ತೇನಾ ಸರ್?"

"ಟೂಲ್. ಅತ್ತೆ ನಿಮ್ಮ ಕೈಲಾಗಲ್ಲ."

೨. ಸೊನ್ನೆ

ಸರಿಮಾಡಿದೆ. ಈಗ ಟೂಲ್ ಮೊದಲು ನೋಡುತ್ತದೆ, ಇದ್ದದ್ದನ್ನು ಮುಟ್ಟುವುದಿಲ್ಲ, ಇಲ್ಲದ್ದನ್ನಷ್ಟೇ ಹಾಕುತ್ತದೆ. ಹೆಮ್ಮೆಯಿಂದ ಓಡಿಸಿ ತೋರಿಸಿದೆ. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಬಂತು: ಬದಲಾವಣೆ ೦.

ಓನರ್ ಮುಖ ಸಪ್ಪಗಾಯಿತು. "ಏನೂ ಮಾಡ್ಲಿಲ್ಲಲ್ರಿ ಇದು?"

"ಮಾಡೋದೇನೂ ಇರಲಿಲ್ಲ ಸರ್."

"ನೀವೂ ದಿನಾ ಹಂಗೇ ಹೇಳ್ತೀರಿ."

೩. ಹರಿಹರದ ಪರೀಕ್ಷೆ

ಹರಿಹರದ ಒಂದು ಕಾರ್ಖಾನೆ ನಮ್ಮ ದೊಡ್ಡ ಗಿರಾಕಿ. ಕಾಂಟ್ರಾಕ್ಟ್ ಮುಂದುವರಿಸುವ ಮುಂಚೆ ಹೊಸ ಟೂಲ್ ನೋಡಬೇಕೆಂದರು. ಆ ಕಾಂಟ್ರಾಕ್ಟ್ ಹೋದರೆ ನಮ್ಮ ಆಫೀಸಿಗೆ ಬೀಗವೇ ಗತಿ.

ಹರಿಹರದ ದಾರಿಯಲ್ಲಿ ಬಾತಿ ಊರು ದಾಟುವಾಗ ಕಾರಿನಲ್ಲಿ ಓನರ್ ಶುರುಮಾಡಿದರು. "ಅಲ್ಲಿ ಸೊನ್ನೆ ಬಂದ್ರೆ ಮರ್ಯಾದೆ ಹೋಗತ್ರಿ. ಯಾವುದಾದ್ರೂ ಸಣ್ಣ ಪ್ಯಾಕೇಜ್ ಮೊದಲೇ ತೆಗೆದಿಡ್ರಿ. ಟೂಲ್ ಬಂದು ಹಾಕ್ಲಿ."

"ಬ್ಯಾಡ ಸರ್," ಅಂದೆ. ಕೇಳಲಿಲ್ಲ. ಕಾರಿನಲ್ಲಿ ಕೂತೇ ಲ್ಯಾಪ್‌ಟಾಪ್ ತೆರೆದು ಕಾರ್ಖಾನೆಯ ಸರ್ವರ್‌ನಿಂದ ಒಂದು ಪ್ಯಾಕೇಜ್ ತೆಗೆದೆ. ಅದನ್ನೇ ನೆಚ್ಚಿಕೊಂಡಿದ್ದ ಇನ್ನೂ ಹತ್ತು ಅದರ ಹಿಂದೆಯೇ ಹೊರಟುಹೋದದ್ದನ್ನು ನಾನು ಗಮನಿಸಲಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಎದುರು ಟೂಲ್ ಓಡಿತು. ಬದಲಾವಣೆ ೧೧.

ಓನರ್ ಬೀಗಿದರು. "ನೋಡ್ರಿ ಸಾಹೇಬ್ರೆ, ಹನ್ನೊಂದು ಇರ್ಲಿಲ್ಲ. ಎಲ್ಲಾ ಹಾಕ್ತು."

ಮ್ಯಾನೇಜರ್ ಕನ್ನಡಕ ತೆಗೆದರು. "ಹನ್ನೊಂದು ಇರ್ಲಿಲ್ವಾ? ಇಷ್ಟು ದಿನ ಈ ಸರ್ವರ್ ಯಾರು ನೋಡ್ಕೊಂತಿದ್ರಿ?"

ನೋಡಿಕೊಳ್ಳುತ್ತಿದ್ದವರು ನಾವೇ. ಕಾರಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಮ್ಯಾನೇಜರ್ ಬಹಳ ಹೊತ್ತು ನಕ್ಕರು.

"ಇನ್ನೊಂದ್ಸಲ ಓಡಿಸ್ರಿ. ಸೊನ್ನೆ ಬಂದ್ರೆ ಸಹಿ ಹಾಕ್ತೀನಿ."

ಓಡಿಸಿದೆ. ಓನರ್ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು.

"ಎಷ್ಟು ಬಂತ್ರಿ?"

"ಸೊನ್ನೆ ಸರ್."

ಅವರು ಮೆಲ್ಲಗೆ ಒಂದೇ ಕಣ್ಣು ತೆರೆದು ಪರದೆ ನೋಡಿದರು. "ದೊಡ್ಡದಾಗಿ ಒಂದು ಕಲರ್ ಪ್ರಿಂಟ್ ತೆಗೀರಿ," ಅಂದರು. "ಆಫೀಸಲ್ಲಿ ಹಾಕೋಣ."