ಸಮುದಾಯದಿಂದ ಯಾರಾದರೂ

ನನಗೆ ಸಿಟ್ಟು ಬೇಗ ಬರುವುದಿಲ್ಲ. ಕಾವೇರಿ ನೀರು ಬಂದ ದಿನ ರಾಯರಿಗೊಂದು ನಮಸ್ಕಾರ, ಹಾಲು ಒಡೆಯದ ದಿನ ಇನ್ನೊಂದು, ಇಷ್ಟರಲ್ಲೇ ತೃಪ್ತಿಪಡುವವಳು. ಅಂಥವಳಿಗೂ ಈಚೆಗೆ ಮೈಯೆಲ್ಲ ಉರಿಯಿತು; ಅದೂ ಒಳ್ಳೆಯ ಕೆಲಸ ಮಾಡುವವರ ಮೇಲೆ. ಪುಟ್ಟೇನಹಳ್ಳಿಯ ನಮ್ಮ ಬೀದಿಯ ಗಣಪತಿ ಗುಡಿಯ ಹಿಂದಿನ ಕೋಣೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಸಂಜೆ ಪಾಠ ನಡೆಸುತ್ತಿತ್ತು. ನಮ್ಮ ಮನೆಗೆಲಸದ ರತ್ನಳ ಮಗಳು ಕಾವ್ಯ ಅಲ್ಲಿಗೆ ಹೋಗುತ್ತಿದ್ದಳು. ಹತ್ತನೇ ಕ್ಲಾಸು. ಗಣಿತದಲ್ಲಿ ಪಾಸಾಗದಿದ್ದರೆ ಓದು ಬಿಡಿಸಿ ಗಾರ್ಮೆಂಟ್ಸಿಗೆ ಸೇರಿಸುವುದೆಂದು ಅವಳಪ್ಪ ಆಗಲೇ ತೀರ್ಮಾನಿಸಿದ್ದ. ಪರೀಕ್ಷೆಗೆ ಎರಡೇ ತಿಂಗಳಿದೆ ಎನ್ನುವಾಗ ಪಾಠ ನಿಂತುಹೋಯಿತು.

ವಿಚಾರಿಸಲು ರತ್ನಳ ಜೊತೆ ಹೋದೆ. ಪಾಠ ಹೇಳುತ್ತಿದ್ದ ಶ್ವೇತಾ ಎಂಬ ಹುಡುಗಿ ಗೋಡೆಯ ಬೋರ್ಡು ಬಿಚ್ಚಿಸುತ್ತಿದ್ದಳು. "ಪ್ರಾಜೆಕ್ಟ್ ಮುಗೀತು ಆಂಟಿ. ಮುಂದಿನ ತಿಂಗಳಿಂದ ಕೆರೆ ಜಾಗೃತಿ" ಎಂದಳು. ಕೆರೆ ಎಲ್ಲಿಗೂ ಓಡಿಹೋಗುವುದಿಲ್ಲ, ಪರೀಕ್ಷೆ ಓಡಿ ಬರುತ್ತಿದೆ ಎಂದೆ. ಶುರುಮಾಡುವಾಗ ಬ್ಯಾನರು ಕಟ್ಟಿ, ದೀಪ ಹಚ್ಚಿಸಿ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ಹಿಡಿದವರು ನಿಲ್ಲಿಸುವಾಗ ಒಂದು ಮಾತು ಹೇಳಬೇಡವೇ ಎಂದೆ. ವ್ರತ ಹಿಡಿದವರು ಉದ್ಯಾಪನೆ ಮಾಡದೆ ಎದ್ದು ಹೋಗುತ್ತಾರೆಯೇ ಎಂದೂ ಕೇಳಿದೆ. ಆ ಹುಡುಗಿ ಎದುರಾಡದೆ ಎಲ್ಲವನ್ನೂ ಒಂದು ಫಾರಂನ 'ಸಲಹೆಗಳು' ಎಂಬ ಜಾಗದಲ್ಲಿ ಬರೆದುಕೊಂಡಳು. ನನ್ನ ಸಿಟ್ಟು ಇನ್ನೂ ಏರಿತು. ಕೊನೆಗೆ ಮೆಲ್ಲಗೆ, "ಸಮುದಾಯದಿಂದ ಯಾರಾದ್ರೂ ಮುಂದುವರಿಸಬಹುದು ಆಂಟಿ" ಎಂದಳು. ಸಮುದಾಯ ಎಲ್ಲಿದೆಯೆಂದು ಹಿಂದೆ ತಿರುಗಿ ನೋಡಿದೆ. ರತ್ನ ಒಬ್ಬಳೇ ನಿಂತಿದ್ದಳು.

"ನೀವು ಬಿಎಸ್ಸಿ ಅಂತ ಯಾವಾಗ್ಲೂ ಹೇಳ್ತಿರ್ತೀರಲ್ಲಮ್ಮಾ" ಎಂದಳು.

ಈಗ ಸಂಜೆ ಆರಕ್ಕೆ ನಮ್ಮ ನಡುಮನೆಯಲ್ಲಿ ಕಾವ್ಯ ಸೇರಿ ನಾಲ್ಕು ಮಕ್ಕಳು. ದೇವರಿಗೆ ದೀಪ ಹಚ್ಚಿ ಬಂದು ಕೂರುತ್ತೇನೆ. ನನ್ನ ಬಿಎಸ್ಸಿ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸಂಸ್ಥೆಯ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಮಕ್ಕಳ ಪರೀಕ್ಷೆ ಯಾವಾಗ ಎಂದು ನೋಡದೆ ಪಾಠ ನಿಲ್ಲಿಸುವವರು ಊರ ಉದ್ಧಾರದ ಮಾತಾಡಬಾರದು. ಆದರೆ ಮೊನ್ನೆ ತ್ರಿಕೋನಮಿತಿಯ ಲೆಕ್ಕವೊಂದು ನಾಲ್ಕು ಪುಟ ಸಾಗಿಯೂ ಉತ್ತರ ಕೊಡದಾಗ, ಕಾವ್ಯ ಸದ್ದಿಲ್ಲದೆ ಶ್ವೇತಾಳ ನಂಬರು ಬರೆದು ನನ್ನ ಮುಂದಿಟ್ಟಳು. ನಾಚಿಕೆ ನುಂಗಿಕೊಂಡು ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಪುಣ್ಯಾತ್ಗಿತ್ತಿ, ಕೆಲಸದ ನಡುವೆಯೂ ಎತ್ತಿದಳು. ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಿದಳು. ಅರ್ಥವಾಯಿತೇ ಎಂದು ಕೇಳಿದಾಗ ಮಕ್ಕಳು ನಾಲ್ವರೂ ಹೂಂ ಎಂದರು.

"ಇನ್ನೊಂದ್ ಸಲ ಹೇಳಮ್ಮ" ಎಂದವಳು ನಾನು.