ಮಾಮಾನ ಡಿ ಡ್ರೈವಿನೊಳಗಿನ ಗಿಳಿ

ನಮ್ಮ ಮಾಮಾನಿಗೆ ತಲೆ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದಿನದನ್ನು ಓದಿದ ಮೇಲೆ ನಾನು ಆಣೆ ಮಾಡಿ ಹೇಳಿದರೂ ನೀವು ನಂಬುವುದಿಲ್ಲ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ರಾಮದುರ್ಗದಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದ. ಎರಡು ಸಾವಿರದ ಇಸವಿ ದಾಟುತ್ತಲೇ ಟೈಪಿಂಗ್ ಕಲಿಯುವವರು ಮಾಯವಾದರು. ಬೇರೆಯವರಾಗಿದ್ದರೆ ಕಿರಾಣಿ ಅಂಗಡಿ ಹಾಕುತ್ತಿದ್ದರು. ಇವನು ಒಂದು ಹಳೆಯ ಕಂಪ್ಯೂಟರ್ ತಂದು ಅದರ ಮುಂದೆ ತನ್ನ ಅವ್ವನನ್ನು ಕೂಡ್ರಿಸಿದ.

ಅವನ ಅವ್ವ, ಅಂದರೆ ನನ್ನ ಆಯಿ, ಕಸೂತಿಯಲ್ಲಿ ಪಳಗಿದ ಕೈ. ಗೋಪುರ, ಆನೆ, ತುಳಸಿಕಟ್ಟೆ ಊರಿನ ಎಲ್ಲ ಹೆಂಗಸರಿಗೂ ಬರುತ್ತವೆ. ಆದರೆ ಬಾಯಲ್ಲಿ ಜೋಳದ ತೆನೆ ಕಚ್ಚಿದ ಗಿಳಿ ಮಾತ್ರ ಆಯಿ ತಾನೇ ಹುಟ್ಟಿಸಿದ್ದು. ಅದನ್ನು ಹಾಕಿದ ಸೀರೆ ಕುಪ್ಪಸಗಳೆಲ್ಲ ಉಟ್ಟು ತೊಟ್ಟು ಹರಿದುಹೋಗಿ, ಗಿಳಿ ಈಗ ಅವಳ ತಲೆಯಲ್ಲಿ ಮಾತ್ರ ಉಳಿದಿತ್ತು. ಅವಳ ಕಣ್ಣುಗಳೋ ಮಂಜಾಗತೊಡಗಿದ್ದವು. ಅದಕ್ಕೇ ಮಾಮಾನ ಈ ಉಪದ್ವ್ಯಾಪ! ಆಯಿ ಎಳೆ ಎಣಿಸಿ ಹೇಳಬೇಕು, ಅವನು ಪರದೆಯ ಮೇಲೆ ಚೌಕ ತುಂಬಬೇಕು.

"ಎರಡು ಮ್ಯಾಲ, ಒಂದು ಅಡ್ಡ... ಏ, ಇದು ಗಿಳಿ ಕೊಕ್ಕೇನೋ? ಒಂಟೆ ಮೂತಿ ಆಗೇತಲ್ಲೋ!"

"ಹೇಳಾಕಿ ನೀನು. ಒಂಟೆ ಎಲ್ಲಿಂದ ಬಂತು ನೀನ ನೋಡ್ಕೊ!"

ಹೀಗೆ ಕಾದಾಡುತ್ತಲೇ ಗಿಳಿ ಪೂರ್ತಿಯಾಗಿ ಡಿ ಡ್ರೈವ್ ಸೇರಿತು.

ಆಮೇಲೆ ಖಂಡೇಪೂಜೆ ಬಂತು. ಅಂದು ನಮ್ಮ ಕಡೆ ಕುಡುಗೋಲು, ತಕ್ಕಡಿ, ಹೊಲಿಗೆ ಮಷೀನು ಎಲ್ಲಕ್ಕೂ ವಿಭೂತಿ ಹಚ್ಚಿ ಪೂಜಿಸುತ್ತೇವೆ. ಆ ಹೊತ್ತು ಅವುಗಳಿಂದ ಕೆಲಸ ತೆಗೆಯುವಂತಿಲ್ಲ. ಮಾಮಾ ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಆರತಿ ಎತ್ತಿದ. ಆಗ ನೋಡುತ್ತಾನೆ, ಅದು ಒಳಗೊಳಗೇ ಗುರ್ ಎನ್ನುತ್ತಿದೆ! ಬೆಳಿಗ್ಗೆ ಹಚ್ಚಿದ್ದನ್ನು ಆರಿಸಲು ಮರೆತಿದ್ದ. "ಪೂಜಾದಾಗ ಆಯುಧ ಕೆಲಸಾ ಮಾಡ್ತಾವೇನು?" ಎಂದವನೇ ಒಂದು ಕೈಯಲ್ಲಿ ಆರತಿ ತಟ್ಟೆ ಹಿಡಿದುಕೊಂಡೇ ಇನ್ನೊಂದರಿಂದ ವೈರ್ ಜಗ್ಗಿಬಿಟ್ಟ.

ಮರುದಿನ ಡಿ ಡ್ರೈವ್ ತೆರೆಯಲಿಲ್ಲ. ಫಾರ್ಮ್ಯಾಟ್ ಮಾಡಲೇ, ಅಂದರೆ ಎಲ್ಲ ಅಳಿಸಿ ಹೊಸದು ಮಾಡಲೇ ಎಂದು ತಣ್ಣಗೆ ಕೇಳಿತು. ಮಾಮಾ ಬೆವತುಹೋದ. ಮತ್ತೊಮ್ಮೆ ಹೇಳು ಎಂದರೆ ಆಯಿಗೆ ತೆನೆಯ ಎಳೆ ಲೆಕ್ಕವೇ ನೆನಪಾಗುತ್ತಿರಲಿಲ್ಲ. ಇನ್ನು ಮನೆಗೆ ಬಂದವರು ಯಾರಾದರೂ ಅಪ್ಪಿತಪ್ಪಿ ಕಂಪ್ಯೂಟರಿಗೆ ಹೂಂ ಅಂದುಬಿಟ್ಟರೆ? ಮೌಸಿಗೆ ಅರಿವೆ ಸುತ್ತಿ ದಾರ ಬಿಗಿದ. ಕೀಬೋರ್ಡಿನ ವೈ ಮತ್ತು ಎಂಟರ್ ಗುಂಡಿಗಳನ್ನು ಕಿತ್ತು ಟ್ರೆಜರಿಯಲ್ಲಿ, ಅಂದರೆ ಕಬ್ಬಿಣದ ಕಪಾಟಿನಲ್ಲಿಟ್ಟು, ಅದರ ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ತಲೆ ಕೆಟ್ಟಿಲ್ಲವೇ ಎಂದು ಈಗಲೇ ಕೇಳಬೇಡಿ, ತಡೆಯಿರಿ.

ಡಿಸ್ಕನ್ನು ಬಿಚ್ಚಿ, ಅರಿವೆಯಲ್ಲಿ ಸುತ್ತಿಕೊಂಡು, ನಾವಿಬ್ಬರೂ ಬೈಲಹೊಂಗಲದ ಬಸ್ಸು ಹತ್ತಿದೆವು. ಮುನವಳ್ಳಿಯ ಹತ್ತಿರ ಬಸ್ಸು ಕುಣಿಯತೊಡಗಿತು. ಡಿಸ್ಕಿಗೆ ಪೆಟ್ಟಾದೀತೆಂದು ಮಾಮಾ ಎದ್ದು ನಿಂತು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದ.

"ರೊಟ್ಟಿ ಗಂಟೇನ್ರಿ? ಕುಂತ ಉಣ್ರಲ್ಲ!" ಎಂದ ಕಂಡಕ್ಟರ್.

"ಇದರಾಗ ಗಿಳಿ ಐತ್ರಿ."

"ಹಂಗಾರ ಅದಕ್ಕೂ ಟಿಕೆಟ್ ತಗೀರಿ!"

ಮಾಮಾ ವಾದ ಮಾಡದೆ ತೆಗೆಸಿದ! ಗಿಳಿ ಬದುಕಿದೆ ಎಂಬುದಕ್ಕೆ ಆಗ ಅವನ ಹತ್ತಿರ ಇದ್ದ ಸರಕಾರಿ ಪುರಾವೆ ಅದೊಂದೇ.

ಬೈಲಹೊಂಗಲದ ರಿಪೇರಿಯವನು ನೋಡಿ, "ಫಾರ್ಮ್ಯಾಟ್ ಮಾಡಿಬಿಡ್ರಿ, ಹೊಸಾದ ಆಗತೈತಿ" ಎಂದ. "ಚಾವಿ ಕಳದ್ರ ನೀವು ಮನಿ ಸುಡ್ತೀರೇನ್ರಿ?" ಎಂದು ಮಾಮಾ ಅಲ್ಲಿಂದ ಎದ್ದ. ಇಂಥದೇ ಮಾತು ಸವದತ್ತಿಯಲ್ಲೂ ಆಯಿತು. ತಿಂಗಳುಗಟ್ಟಲೆ ಅಲೆದ ಮೇಲೆ ಕಿತ್ತೂರಿನಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಬಾಯಾರು, ಅಂದರೆ ಶಿಕ್ಷಕಿ, ಸಿಕ್ಕರು. "ಯಾವುದು ಎಲ್ಲೈತಿ ಅನ್ನೋ ಗುರುತು ಅಷ್ಟ ಅಳಿಸಿ ಹೋಗಿರಬೇಕು. ಚಿತ್ರ ಒಳಗ ಇದ್ರೂ ಇರಬಹುದು," ಎಂದು ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಜೋಡಿಸಿ, ಹುಡುಕುವ ಪ್ರೋಗ್ರಾಂ ಬಿಟ್ಟರು. ಮಾಮಾ ಪರದೆಗೆ ಕೈಮುಗಿದು ನಿಂತ.

"ಊದಿನಕಡ್ಡಿ ಹಚ್ಚಲೇನ್ರಿ?"

"ಏನೂ ಹಚ್ಚಬ್ಯಾಡ್ರಿ! ಏನೂ ಜಗ್ಗಬ್ಯಾಡ್ರಿ! ಸುಮ್ನ ಕುಂದರ್ರಿ!"

ಹೆಸರು ಕಳೆದುಕೊಂಡ ಫೈಲುಗಳು ಒಂದೊಂದಾಗಿ ಬಂದವು. ಎಷ್ಟೋ ಅರ್ಧಂಬರ್ಧ. ಸಂಜೆಯ ಹೊತ್ತಿಗೆ ಗಿಳಿ ಬಂತು, ತೆನೆ ಸಮೇತ! ಮಾಮಾ ಬಾಯಾರ ಕಾಲಿಗೆ ಬೀಳಲು ಧಾವಿಸಿದ. ಅವರು ಗಾಬರಿಯಾಗಿ ವೈರುಗಳಿಗೆ ಅಡ್ಡ ನಿಂತರು.

ಆದರೆ ಈ ಅಲೆದಾಟದ ನಡುವೆ ಆಯಿಯ ಕಣ್ಣುಗಳು ಪೂರ್ತಿ ಹೋಗಿದ್ದವು. ಮಾಮಾ ಗಿಳಿಯ ಪ್ರಿಂಟ್ ತೆಗೆದು ಅವಳ ಕೈಗಿಟ್ಟ. ಅವಳು ಬೆರಳಾಡಿಸಿ, "ಬರೇ ಹಾಳಿ ಐತಲ್ಲೋ" ಎಂದಳು.

ಮರುದಿನ ಅವನು ಸೂಜಿ ದಾರ ಹಿಡಿದು ಕೂತ. ಟೈಪಿಂಗ್ ಮಾಸ್ತರ, ಮೀಸೆ ಹೊತ್ತವ! ಬೆರಳೆಲ್ಲ ಚುಚ್ಚಿಕೊಂಡ. ಓಣಿಯವರು ನಕ್ಕರು, ನಾನೂ ನಕ್ಕೆ. ಕೊನೆಗೊಂದು ದಿನ, ಕಪ್ಪು ಬಟ್ಟೆಯ ಮೇಲೆ ಹಾಕಿದ ಗಿಳಿಯನ್ನು ತಂದು ಆಯಿಯ ತೊಡೆಯ ಮೇಲೆ ಹಾಸಿದ. ಅವಳು ಕೊಕ್ಕು, ರೆಕ್ಕೆ, ತೆನೆ ಎಲ್ಲ ಮುಟ್ಟಿದಳು. ಬಟ್ಟೆ ತಿರುವಿ ಹಿಂಬದಿಯನ್ನೂ ಸವರಿದಳು.

"ಹಿಂದ ಗಂಟು ಬಿದ್ದಾವು. ಕಸೂತಿಯೊಳಗ ಗಂಟು ಹಾಕಬಾರದೋ."

"ಬಿಚ್ಚಿ ಮತ್ತ ಹಾಕತೇನಿ, ಕೊಡು ಬೇ," ಎಂದು ಮಾಮಾ ಕೈ ಚಾಚಿದ.

ಆಯಿ ಕೊಡಲಿಲ್ಲ. ಬಟ್ಟೆಯನ್ನು ಎದೆಗೆ ಅವಚಿಕೊಂಡಳು. "ಇರಲಿ ಬಿಡೋ. ಗಂಟು ಬೆರಳಿಗೆ ಸಿಗತಾವು. ಈಗ ನನಗ ಹಿಂದಿನ ಬದೀನ ಚೊಲೊ ಕಾಣತೈತಿ."