ಏರಿನಲ್ಲಿ ಕೈಕೊಟ್ಟ ಬ್ಯಾಟರಿ

ಸಂಸಾರದಲ್ಲಿ ಎಣ್ಣೆ ಕೇಳದ ವಸ್ತುವೇ ಇಲ್ಲ. ಬಾಗಿಲ ಕೀಲು ಕೇಳುತ್ತದೆ, ಹೊಲಿಗೆ ಯಂತ್ರ ಕೇಳುತ್ತದೆ, ನಮ್ಮವರ ಮೊಣಕಾಲೂ ಕೇಳುತ್ತದೆ. ಹಾಗಾಗಿ ಷೋರೂಮಿನ ಹುಡುಗಿ, “ಎಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಪೆಟ್ರೋಲಂತೂ ಇಲ್ವೇ ಇಲ್ಲ. ಮೇಂಟೆನೆನ್ಸೇ ಇಲ್ಲ ಮೇಡಂ” ಎಂದಾಗ ನಾನು ಅಲ್ಲೇ ಕರಗಿಹೋದೆ. ಎಲೆಕ್ಟ್ರಿಕ್ ಸ್ಕೂಟರು ಮನೆಗೆ ಬಂತು. ಮೊದಲ ಕೆಲವು ವರ್ಷ ಅವಳು ಹೇಳಿದ್ದು ನಿಜವೇ ಆಗಿತ್ತು. ಆಮೇಲೆ ಗಾಡಿಗೂ ನನ್ನ ಹಾಗೆಯೇ ನಲವತ್ತು ದಾಟಿತೆಂದು ಕಾಣುತ್ತದೆ, ಒಂದೊಂದೇ ಕಾಯಿಲೆ ಹೊರಬಂತು. ಟೈರು ಬೋಳಾಯಿತು. ಬ್ರೇಕ್ ಪ್ಯಾಡು ಸವೆಯಿತು. ಮುಂದಿನ ಚಕ್ರ ‘ಕಿರ್ರೋ’ ಎಂದಿತು; ಬೇರಿಂಗ್ ಹೋಗಿದೆ ಎಂದರು. ಮೋಟರಿಗೆ ಕರೆಂಟನ್ನು ಅಳೆದು ಕೊಡುವ ಪೆಟ್ಟಿಗೆಯೊಂದಿದೆಯಂತೆ, ಅದು ಒಂದು ಮಳೆಗೆ ನೆನೆದು ಕಣ್ಣುಮುಚ್ಚಿತು. ಅಷ್ಟರಲ್ಲಿ ಆ ಮಾಡೆಲ್ ಬರುವುದೇ ನಿಂತಿದ್ದರಿಂದ, ಒಂದು ಕನ್ನಡಿ ಒಡೆದಾಗ ಅದರ ಜೋಡಿ ಸಿಗಲಿಲ್ಲ. ಈಗ ಬಲಗಡೆಯ ಕನ್ನಡಿ ಚೌಕ, ಎಡಗಡೆಯದು ದುಂಡು. ನಮ್ಮವರು ಒಂದು ದಿನ ಗಾಡಿಯನ್ನು ಸುತ್ತಿ ನೋಡಿ, “ಇದರಲ್ಲಿ ಹಳೇದು ಅಂತ ಉಳಿದಿರೋದು ಬ್ಯಾಟರಿ, ನಂಬರ್ ಪ್ಲೇಟು, ಮತ್ತೆ ನೀನು” ಎಂದರು.

ಬ್ಯಾಟರಿಯನ್ನು ಮಾತ್ರ ನಾನು ಬದಲಾಯಿಸಲು ಒಪ್ಪಿರಲಿಲ್ಲ. ಪೀಣ್ಯದ ಬೋಲ್ಟು ತಯಾರಿಸುವ ಕಾರ್ಖಾನೆಯೊಂದರಲ್ಲಿ ನನ್ನದು ಗುಣಮಟ್ಟ ಪರೀಕ್ಷಿಸುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಬೋಲ್ಟನ್ನು ಎತ್ತಿ ಕೆಂಪು ಡಬ್ಬಕ್ಕೆ ಹಾಕುವವಳು ನಾನು. ಮನೆಯಲ್ಲೋ, ಹಿಡಿ ಇಲ್ಲದ ಬಾಣಲೆಯನ್ನೂ “ಇನ್ನೂ ಗಟ್ಟಿಯಾಗಿದೆ” ಎಂದು ಇಟ್ಟುಕೊಳ್ಳುತ್ತೇನೆ. ಬ್ಯಾಟರಿಯೂ ಅದೇ ಲೆಕ್ಕದಲ್ಲಿ ಉಳಿದಿತ್ತು. ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ನೂರಕ್ಕೆ ನೂರು ತೋರಿಸುತ್ತಿತ್ತು. ನಲವತ್ತರವರೆಗೆ ಮರ್ಯಾದೆಯಿಂದ ಒಂದೊಂದೇ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಮೆಟ್ಟಿಲಿಲ್ಲದ ಬಾವಿ. ಕಣ್ಣು ಮಿಟುಕಿಸುವಷ್ಟರಲ್ಲಿ ತಳ. ಜಾಲಹಳ್ಳಿಯ ನಮ್ಮ ಬೀದಿಯ ಮೆಕ್ಯಾನಿಕ್ ಬಾಬು ಸಿಕ್ಕಾಗಲೆಲ್ಲ ಹೇಳುತ್ತಿದ್ದ: “ಮೇಡಂ, ಬ್ಯಾಟರಿ ಮುಗೀತು ಕಣ್ರೀ. ಹೊಸದು ತರಿಸ್ಬಿಡ್ತೀನಿ. ಸಮತಟ್ಟಲ್ಲಿ ಹೆಂಗೋ ಓಡುತ್ತೆ, ಏರಲ್ಲಿ ಕೈಕೊಡುತ್ತೆ.” ನಾನು, “ನಮ್ಮ ದಾರೀಲಿ ಏರೇ ಇಲ್ವಲ್ಲಪ್ಪ” ಎಂದು ನಕ್ಕುಬಿಡುತ್ತಿದ್ದೆ.

ನಮ್ಮ ದಾರಿಯಲ್ಲಿ ಇರಲಿಲ್ಲ, ನಿಜ. ನಾಗವೇಣಿಯ ದಾರಿಯಲ್ಲಿ ಇತ್ತು.

ನಾಗವೇಣಿ ನಮ್ಮ ಪ್ಯಾಕಿಂಗ್ ವಿಭಾಗದ ಹುಡುಗಿ, ಸಿಂದಗಿ ಕಡೆಯವಳು. ಅಬ್ಬಿಗೆರೆಯಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಒಂದು ಶನಿವಾರ ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕೂತಿದ್ದವಳನ್ನು ವಿಚಾರಿಸಿದರೆ, ಅಂದು ಸಂಜೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ. ಅವ್ವ ಅದಕ್ಕೆಂದೇ ಊರಿನಿಂದ ಬಂದಿದ್ದಾಳೆ. ಗಂಡು ಇಲ್ಲೇ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುವವನು, ಹೆಸರು ಮಲ್ಲಿಕಾರ್ಜುನ. ಫೋಟೋದಲ್ಲಿ ನೋಡಿದ್ದಾಳೆ, ಚೆನ್ನಾಗೇ ಇದ್ದಾನೆ.

“ಮತ್ಯಾಕೆ ಈ ಮುಖ?”

“ಲಗ್ನ ಆದ ಮ್ಯಾಲೆ ಕೆಲಸ ಬಿಡಸ್ತಾರೇನೋ ಅಂತ ಅಂಜಿಕಿರಿ ಮೇಡಮ್ಮಾರ. ಹಿರ್‍ಯಾರ ಮುಂದ ನಾ ಹ್ಯಾಂಗ ಕೇಳ್ಲಿ?”

ಹಿರಿಯರ ಮುಂದೆ ಕೇಳಲು ನಾನು ಅವಳ ಬಳಗದವಳಲ್ಲ. ಆದರೆ ನನ್ನ ಬಳಿ ಸ್ಕೂಟರಿತ್ತು. ಶಿಫ್ಟ್ ಮುಗಿದ ಮೇಲೆ ಬಸ್ಸಿಗೆ ಕಾದರೆ ತಡವಾಗುತ್ತದೆಂದು, “ನಾನು ಬಿಡ್ತೀನಿ ಬಾರೇ” ಎಂದು ದೊಡ್ಡದಾಗಿ ಹೇಳಿದೆ. ಪರದೆ ಐವತ್ತಕ್ಕೂ ಮೇಲೆಯೇ ತೋರಿಸುತ್ತಿತ್ತು.

ಅಬ್ಬಿಗೆರೆಯ ಕಡೆಯ ಏರಿನ ಬುಡಕ್ಕೆ ಬರುವಷ್ಟರಲ್ಲಿ ನಲವತ್ತಾಯಿತು. ಕಾಲು ಭಾಗ ಹತ್ತುವಷ್ಟರಲ್ಲಿ ಪರದೆಯ ಮೇಲೆ ಆಮೆಯ ಚಿತ್ರ ಮೂಡಿತು. ಇನ್ನು ಮುಂದೆ ನಾನು ಆಮೆಯಂತೆ ನಡೆಯುತ್ತೇನೆ ಎಂದು ಗಾಡಿ ಹೇಳುವ ರೀತಿ ಅದು. ಪಕ್ಕದಲ್ಲಿ ಸೊಪ್ಪಿನ ಗಾಡಿ ತಳ್ಳುತ್ತಿದ್ದ ಅಜ್ಜಿ ನಮ್ಮನ್ನು ದಾಟಿ ಹೋದಳು. ಕಡೆಗೆ ಅದೂ ಆಗದೆ ಗಾಡಿ ನಿಂತೇಬಿಟ್ಟಿತು. ಹಿಂದೆ ಒಂದು ಆಟೊ ಪೋಂ ಪೋಂ ಎಂದಿತು. ಒಳಗಿನಿಂದ ದಪ್ಪ ಹೆಂಗಸೊಬ್ಬಳು ತಲೆ ಹೊರಹಾಕಿ, “ಏ ಅಕ್ಕಾರ, ಗಾಡಿ ಬಾಜೂಕ ತಗೀರಿ! ನಮಗ ಹೊತ್ತಾಗೇತಿ!” ಎಂದಳು. ಅವಳ ತೊಡೆಯ ಮೇಲೆ ಹೂವು ಹಣ್ಣಿನ ಬುಟ್ಟಿ. ಪಕ್ಕದಲ್ಲಿ ರುಮಾಲಿನ ಹಿರಿಯರೊಬ್ಬರು. ಇಸ್ತ್ರಿಯ ಗೆರೆ ಇನ್ನೂ ಮಾಸದ ಬಿಳಿ ಅಂಗಿ ತೊಟ್ಟ ಹುಡುಗನೊಬ್ಬ ಕೆಳಗಿಳಿದು ಬಂದ.

“ಚಾರ್ಜ್ ಹೋತೇನ್ರಿ? ನೀವು ಹ್ಯಾಂಡಲ್ ಹಿಡೀರಿ ಅಕ್ಕಾರ, ನಾ ನೂಕ್ತೀನಿ.”

ಆಗಲೇ ಇಳಿದು ಪಕ್ಕದಲ್ಲಿ ನಿಂತಿದ್ದ ನಾಗವೇಣಿ ನನ್ನ ತೋಳನ್ನು ಚಿವುಟಿದಳು. ಹೆಲ್ಮೆಟ್ಟಿನೊಳಗಿನಿಂದ ಸಣ್ಣ ದನಿ ಬಂತು: “ಮೇಡಮ್ಮಾರ, ಇವರ ರೀ!”

ಒಂದೇ ಮನೆಗೆ ಒಂದೇ ಹೊತ್ತಿಗೆ ಹೊರಟವರು ಒಂದೇ ದಾರಿಯಲ್ಲಿ ಸಿಕ್ಕುವುದರಲ್ಲಿ ಪವಾಡವೇನೂ ಇಲ್ಲ. ಆದರೆ ಹುಡುಗನಿಗೆ ಅವಳ ಗುರುತು ಹತ್ತಿರಲಿಲ್ಲ. ಹೆಲ್ಮೆಟ್ಟು, ಅದರ ಕೆಳಗೆ ಧೂಳಿಗೆಂದು ಸುತ್ತಿದ ದುಪ್ಪಟ್ಟ, ಮೈಮೇಲೆ ಕಾರ್ಖಾನೆಯ ನೀಲಿ ಕೋಟು. ಹೆತ್ತ ತಾಯಿಗೂ ಗುರುತು ಸಿಕ್ಕುತ್ತಿರಲಿಲ್ಲ. ನನ್ನೊಳಗಿನ ಪರೀಕ್ಷಕಿ ಎಚ್ಚೆತ್ತಳು. ಆಟೊ ನಿಧಾನವಾಗಿ ಮುಂದೆ ಹೋಯಿತು. ಅವನು ಹಿಂದಿನಿಂದ ನೂಕುತ್ತ, ನಾನು ಹ್ಯಾಂಡಲ್ ಹಿಡಿದು ನಡೆಯುತ್ತ ಏರು ಹತ್ತತೊಡಗಿದೆವು.

“ಎಲ್ಲಿಗಪ್ಪ ಹೊರಟಿದ್ದು, ಇಷ್ಟು ಜೋರಾಗಿ?”

“ಹುಡುಗಿ ನೋಡಾಕ್ರಿ. ಎದಿ ಡವಡವ ಅನ್ನಾಕತ್ತೈತಿ.”

“ಕುಡಿಯೋದು ಗಿಡಿಯೋದು ಇದೆಯಾ?”

“ಚಾ ಭಾಳ ಕುಡೀತೀನ್ರಿ.”

“ಆ ಹುಡುಗಿ ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀನಿ ಅಂದ್ರೆ?”

ಪಕ್ಕದಲ್ಲಿ ನಡೆಯುತ್ತಿದ್ದ ನಾಗವೇಣಿಯ ಹೆಜ್ಜೆ ತಡವರಿಸಿತು. ಅವನು ಏದುಸಿರು ಬಿಡುತ್ತ ಗಾಡಿಗೆ ಇನ್ನೊಮ್ಮೆ ಹೆಗಲು ಕೊಟ್ಟ.

“ಹೋಗ್ಲಿರಿ. ಇಬ್ರೂ ದುಡಿದು ಬಂದ ಮ್ಯಾಲೆ ಇಬ್ರೂ ಅಡಿಗಿ ಮಾಡೂದು. ಆದ್ರ ನಾ ಬಡದ ರೊಟ್ಟಿ ದುಂಡಗ ಆಗಂಗಿಲ್ರಿ, ಈಗ ಹೇಳಿಬಿಡ್ತೀನಿ.”

ಹೆಲ್ಮೆಟ್ಟಿನೊಳಗೆ ಕಿಸಕ್ಕೆಂದು ಸದ್ದಾಯಿತು. ಆ ಹುಡುಗಿಗೆ ಕೆಮ್ಮು ಎಂದು ನಾನು ಹೇಳಬೇಕಾಯಿತು. ನೆತ್ತಿ ತಲುಪಿದ ಮೇಲೆ ಅವನು ಹಣೆ ಒರೆಸಿಕೊಂಡು, “ಬ್ಯಾಟರಿ ಬದಲಿ ಮಾಡಸ್ರಿ ಅಕ್ಕಾರ” ಎಂದು ಅಲ್ಲಿ ಕಾಯುತ್ತಿದ್ದ ಆಟೊ ಹತ್ತಿದ. ಬಿಳಿ ಅಂಗಿಯ ತುಂಬ ನನ್ನ ಗಾಡಿಯ ಧೂಳು.

ಇಳಿಜಾರಿನಲ್ಲಿ ಗಾಡಿ ತಾನೇ ಉರುಳಿತು. ಅವರು ಮನೆ ಹುಡುಕುತ್ತ ಎರಡು ಗಲ್ಲಿ ಸುತ್ತುವಷ್ಟರಲ್ಲಿ ನಾವು ಒಳಹೊಕ್ಕಿದ್ದೆವು. ನಾಗವೇಣಿ ಸೀರೆ ಉಟ್ಟಿದ್ದೂ ಆಯಿತು, ಒಗ್ಗರಣೆ ಅವಲಕ್ಕಿಯ ತಟ್ಟೆಗಳ ಪಕ್ಕದಲ್ಲಿ ನಾನು ಮನೆಯ ಹಿರಿಯಳಂತೆ ಚಾಪೆಯ ಮೇಲೆ ಕೂತಿದ್ದೂ ಆಯಿತು. ಹುಡುಗ ಬಾಗಿಲಲ್ಲಿ ನನ್ನನ್ನು ಕಂಡು, ಒಳಗೆ ಬರಬೇಕೋ ಓಡಬೇಕೋ ತಿಳಿಯದೆ ನಿಂತ. ಆಟೊದಿಂದ ತಲೆ ಹೊರಹಾಕಿದ್ದ ಅವನ ಸೋದರತ್ತೆ, “ಅಯ್ಯ ಶಿವನ, ಗಾಡಿ ಅಕ್ಕಾರು!” ಎಂದು ಬಾಯಿಮೇಲೆ ಕೈಯಿಟ್ಟುಕೊಂಡಳು. ಚಹಾ ತಂದ ಹುಡುಗಿಗೂ ಹೆಲ್ಮೆಟ್ಟಿನ ಕೆಮ್ಮಿಗೂ ಇರುವ ಸಂಬಂಧ ಅವನಿಗೆ ಹೊಳೆದಾಗ ಕಿವಿಗಳೆರಡೂ ಕೆಂಪಾದವು. ಕೊನೆಗೆ ರುಮಾಲಿನ ಹಿರಿಯರು, “ಏನರ ಕೇಳೂದಿದ್ರ ಕೇಳವ್ವ, ನಾಚಬ್ಯಾಡ” ಎಂದರು.

ನಾಗವೇಣಿ ತಲೆ ಎತ್ತದೆ ಹೇಳಿದಳು: “ಕೇಳೂದೆಲ್ಲಾ ಮೇಡಮ್ಮಾರು ಕೇಳ್ಯಾರ್ರಿ.”

ಮದುವೆ ಆಯಿತು. ನಾನು ಬಾಬುವಿನ ಮುಂದೆ ಸೋಲೊಪ್ಪಿ ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದು ಗುಜರಿಯವರ ಪಾಲಾಯಿತು. ಈಗ ನನ್ನ ಸ್ಕೂಟರು ಎಂಥ ಏರನ್ನೂ ಹಾಡುತ್ತ ಹತ್ತುತ್ತದೆ. ಎಲ್ಲ ಸುಖವಾಗಿಯೇ ಇತ್ತು, ಕಳೆದ ವಾರ ಸಿಂದಗಿಯಿಂದ ನಾಗವೇಣಿಯ ಅವ್ವ ಫೋನ್ ಮಾಡುವವರೆಗೆ.

“ಮೇಡಮ್ಮಾರ, ಸಣ್ಣಾಕಿನೂ ಈಗ ಅಲ್ಲೇ ಅಬ್ಬಿಗೆರಿಯಾಗ ಅಕ್ಕನ ಮನಿಯಾಗ ಅದಾಳ್ರಿ. ಬರೂ ಐತಾರ ಆಕಿನ್ನ ನೋಡಾಕ ಬರ್ತಾರ. ನೀವು ಗಾಡಿ ತಗೊಂಡು ಬರಬೇಕ್ರಿ. ಹುಡುಗ ಹ್ಯಾಂಗ ಅಂತ ಗೊತ್ತಾಗಬೇಕಲ್ರಿ?”

ಬ್ಯಾಟರಿ ಹೊಸದು, ಗಾಡಿ ಇನ್ನು ನಿಲ್ಲುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. “ಬರ್ತೀನಮ್ಮ” ಎಂದುಬಿಟ್ಟೆ. ಅಂದಿನಿಂದ ದಿನಾ ಸಂಜೆ ಆ ಏರಿಗೆ ಹೋಗಿ, ಎಲ್ಲಿ ಸ್ವಿಚ್ ಆರಿಸಿದರೆ ಗಾಡಿ ತಾನಾಗಿಯೇ ಕೆಟ್ಟು ನಿಂತ ಹಾಗೆ ಕಾಣುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದೇನೆ.